ಮುಯ್ಯಾಳಿನ ಟ್ರಯಥ್ಲಾನ್

ಹೋದ ವರ್ಷ ನಾನು ಟ್ರಯಥ್ಲಾನ್ ಮಾಡಲು ಹೋಗಿ ದೋಣಿಯಲ್ಲಿ ವಾಪಸ್ ಬಂದವನು. ಈಜು, ಸೈಕಲ್, ಓಟ ಮೂರನ್ನೂ ಒಂದರ ಬೆನ್ನಿಗೆ ಒಂದು ಮುಗಿಸಬೇಕಾದ ಸ್ಪರ್ಧೆ ಅದು. ನಾನು ಮೊದಲನೆಯದರ ಅರ್ಧಕ್ಕೇ ಕೈ ಎತ್ತಿದೆ. ಲೈಫ್ ಜಾಕೆಟ್ ತೊಟ್ಟ ಇಬ್ಬರು ಬಂದು ಅಕ್ಕಿ ಮೂಟೆಯ ಹಾಗೆ ನನ್ನನ್ನು ಎಳೆದುಹಾಕಿಕೊಂಡರು. ಊರಿಗೆ ಬಂದ ಮೇಲೆ ಆ ದೃಶ್ಯವನ್ನು ನಾನೇ ಮಾಡಿ ತೋರಿಸತೊಡಗಿದೆ. ಎಳೆದವರ ದನಿ, ದೋಣಿಯ ಮೋಟಾರು, ನಾನು ನೀರು ಕಕ್ಕಿದ ಶಬ್ದ, ಒಂದನ್ನೂ ಬಿಡಲಿಲ್ಲ. ಸಾಗರದ ಔಷಧಿ ಅಂಗಡಿಗಳಲ್ಲಿ ಆ ಐಟಮ್ಮಿಗೆ ಒಳ್ಳೆಯ ಬೇಡಿಕೆಯಿತ್ತು. ನಕ್ಕವರಿಗೆ ಗೊತ್ತಿಲ್ಲದ ಸಂಗತಿಯೆಂದರೆ, ಅಲ್ಲಿಂದೀಚೆಗೆ ನೀರಿಗೆ ಮುಖ ಇಳಿಸಿದರೆ ಸಾಕು, ನನಗೆ ಎದೆ ಹಿಡಿದುಕೊಳ್ಳುತ್ತಿತ್ತು. ಒಂದೇ ಒಂದು ಸಲ ನೀರಿನಿಂದ ನನ್ನ ಕಾಲ ಮೇಲೆ ನಾನು ಎದ್ದು ಬರಬೇಕು, ನನಗೆ ಬೇಕಾದದ್ದು ಅಷ್ಟೇ. ಈ ವರ್ಷವೂ ಆಗದಿದ್ದರೆ ಸೈಕಲ್ಲು ಯಾರಿಗಾದರೂ ಕೊಟ್ಟು ಕೇರಂ ಆಡಿಕೊಂಡಿರುವುದು ಎಂದು ತೀರ್ಮಾನಿಸಿದ್ದೆ.

ನಾನು ಔಷಧಿ ಕಂಪನಿಯೊಂದರ ರೆಪ್. ಸಾಗರ, ಹೊಸನಗರ, ತೀರ್ಥಹಳ್ಳಿ: ಮೂರು ತಾಲ್ಲೂಕು, ಒಂದು ಬೈಕು, ಒಂದು ಟೈ. ಹಾಗಾಗಿ ತರಬೇತಿಯನ್ನು ಫೋನಿನಲ್ಲೇ ಪಡೆಯೋಣವೆಂದು ಬೆಂಗಳೂರಿನ ಕೋಚ್ ಒಬ್ಬರ ಆನ್‌ಲೈನ್ ಕ್ಲಾಸಿಗೆ ಸೇರಿದೆ. ಅವರ ಪ್ಲಾನ್ ನೋಡಿದರೆ ಮನುಷ್ಯನಿಗೆ ಉದ್ಯೋಗ, ಊಟ, ನೆಂಟರು ಯಾವುದೂ ಇಲ್ಲವೆಂದು ಅವರು ನಂಬಿದಂತಿತ್ತು. ಬೆಳಿಗ್ಗೆ ಈಜುಕೊಳ, ಸಂಜೆ ಓಟ, ನಡುವೆ ಜಿಮ್ಮು. ಪ್ರತಿಯೊಂದು ಮುಗಿದ ತಕ್ಷಣ ವಾಯ್ಸ್ ಮೆಸೇಜ್ ಕಳಿಸಬೇಕು.

ಓಡಲು ಆಗುತ್ತಿರಲಿಲ್ಲ, ಆದರೆ ಓಡಿದವನ ಹಾಗೆ ಏದುಸಿರು ಬಿಡಲು ಬರುತ್ತಿತ್ತು. ತೀರ್ಥಹಳ್ಳಿಯ ಕ್ಲಿನಿಕ್ ಒಂದರ ಬೆಂಚಿನಲ್ಲಿ ಟೈ ಕಟ್ಟಿಕೊಂಡು ಕೂತು, "ಹ್ಹಾ... ಸರ್... ಹ್ಹಾ... ಹತ್ತು ಕಿಲೋಮೀಟರ್... ಮುಗೀತು" ಎಂದು ರೆಕಾರ್ಡ್ ಮಾಡಿ ಕಳಿಸಿದೆ. "ಸೂಪರ್ ಬ್ರೋ, ಉಸಿರಲ್ಲೇ ಗೊತ್ತಾಗ್ತಿದೆ ಎಫರ್ಟು" ಎಂದು ಉತ್ತರ ಬಂತು. ಪಕ್ಕದಲ್ಲಿದ್ದ ಅಜ್ಜಿ ಗಾಬರಿಯಾಗಿ, "ನೀ ಮೊದ್ಲು ಒಳಗೋಗು ಮಗಾ, ನಂದು ಬರೀ ಮಂಡಿನೋವು" ಎಂದು ತಮ್ಮ ಪಾಳಿಯನ್ನೇ ಬಿಟ್ಟುಕೊಡಲು ಎದ್ದರು.

ಬೆಂಚಿನ ಆಚೆ ತುದಿಯಿಂದ ಒಂದು ಹೆಂಗಸಿನ ದನಿ ಬಂತು. "ಓಡ್ದವ್ರ ಉಸ್ರು ಹಂಗೆ ಬರಲ್ಲ ಮಾರಾಯ. ಅದು ನಾಯಿದು."

ಅವರು ಅಲ್ಲಿನ ಹೈಸ್ಕೂಲೊಂದರ ಪಿ.ಟಿ. ಮೇಡಂ. ಮಕ್ಕಳ ಕ್ರೀಡಾಕೂಟಕ್ಕೆ ಮೆಡಿಕಲ್ ಸರ್ಟಿಫಿಕೇಟ್ ಮಾಡಿಸಲು ಬಂದಿದ್ದರು. ಸಿಕ್ಕಿಬಿದ್ದವನು ಇನ್ನೇನು ಮಾಡಲಿ, ದೋಣಿಯ ಕಥೆಯಿಂದ ಹಿಡಿದು ಎಲ್ಲ ಹೇಳಿ, "ಟೈಮೇ ಇಲ್ಲ ಮೇಡಂ, ತುಂಬಾ ಬ್ಯುಸಿ" ಎಂದು ಮುಗಿಸಿದೆ.

"ಇಲ್ಲಿ ಕೂತು ಎಷ್ಟೊತ್ತಾಯ್ತು?"

"ಒಂದ್ ಗಂಟೆ ಮೇಲಾಯ್ತು. ಪೇಶೆಂಟ್ಸೆಲ್ಲ ಮುಗ್ದ ಮೇಲೇ ನಮ್ಮನ್ನ ಕರೆಯೋದು."

"ಮತ್ತೆ ಬ್ಯುಸಿ ಎಲ್ಲಿ ಬಂತಾ? ಕಾಯ್ತಾ ಇದೀಯ ಅಷ್ಟೆ."

ಯಾರು ಏನೇ ಅಂದರೂ ಅವರದೇ ದನಿಯಲ್ಲಿ ತಿರುಗಿಸಿ ಕೊಡುವವನು ನಾನು. ಆ ಸಲ ಮಾತ್ರ ಕೋಚಿನ ಕ್ಲಾಸು ಬಿಟ್ಟು, ಮುಂದಿನ ಭಾನುವಾರ ಮೇಡಂ ಕರೆದಲ್ಲಿಗೆ ಹೋದೆ.

ಟ್ರಯಥ್ಲಾನಿಗೆಂದೇ ಅವರು ಕಟ್ಟಿದ್ದ ಗುಂಪಿನಲ್ಲಿ ಏಳು ಜನರಿದ್ದರು. ಭಾನುವಾರ ಎಲ್ಲರೂ ಸೇರುವುದು ಹೊಸನಗರದಲ್ಲಿ. ಯಾಕೆಂದರೆ ಅದು ಸಾಗರದವರಿಗೂ ತೀರ್ಥಹಳ್ಳಿಯವರಿಗೂ ಸಮನಾಗಿ ಅನಾನುಕೂಲ. ಅಲ್ಲಿ ನಡೆಯುತ್ತಿದ್ದದ್ದು ಮುಯ್ಯಾಳಿನ ಲೆಕ್ಕ. ಭತ್ತದ ನೆಟ್ಟಿಯ ಕಾಲದಲ್ಲಿ ಇವತ್ತು ನನ್ನ ಗದ್ದೆಗೆ ನೀನು, ನಾಳೆ ನಿನ್ನ ಗದ್ದೆಗೆ ನಾನು ಎಂದು ಹೋಗುತ್ತಾರಲ್ಲ, ಹಾಗೆ. ಯಾರಿಗೆ ಕೆಲಸ ಅಡ್ಡ ಬರುತ್ತದೋ ಅವರ ಕೆಲಸಕ್ಕೆ ಇನ್ನೊಬ್ಬರು ನಿಲ್ಲಬೇಕು. ಹೊಸನಗರದಲ್ಲಿ ಬೇಕರಿ ಇಟ್ಟಿದ್ದ ಅಣ್ಣನೊಬ್ಬ ವಾರಕ್ಕೊಮ್ಮೆ ಸೈಕಲ್ ತುಳಿಯುತ್ತಿದ್ದದ್ದು ಹೀಗೇ, ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಬೇರೆ ಯಾರಾದರೂ ಬನ್ನು ಮಾರುತ್ತಿದ್ದರಿಂದ.

"ಮೊದ್ಲು ವಾರದಲ್ಲಿ ಎಲ್ಲೆಲ್ಲಿ ಕಾಯ್ತೀಯ ಅಂತ ಬರಿ" ಎಂದು ಮೇಡಂ ಹಾಜರಿ ಪುಸ್ತಕದ ಒಂದು ಹಾಳೆ ಹರಿದು ಕೊಟ್ಟರು. ಬರೆದೆ. ಸಾಗರದ ಚರ್ಮರೋಗದ ಡಾಕ್ಟರ ಬಾಗಿಲಲ್ಲಿ ಒಂದು ಗಂಟೆ, ತೀರ್ಥಹಳ್ಳಿಯಲ್ಲಿ ಒಂದೂವರೆ, ಹೀಗೆ ಹಾಳೆ ತುಂಬಿತು. ಮೇಡಂ ಅದರಲ್ಲಿ ನಾಲ್ಕಕ್ಕೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ ವಾಪಸ್ ಕೊಟ್ಟರು. ಅದೇ ನನ್ನ ಟ್ರೇನಿಂಗ್ ಪ್ಲಾನ್. ಬ್ಯಾಗು ಕ್ಲಿನಿಕ್ಕಿನಲ್ಲಿಟ್ಟು, ಟೈ ಬಿಚ್ಚಿ, ಶೂ ಬದಲಿಸಿ ಓಡುವುದು. ಕೊನೆಯ ಮೂರು ಪೇಶೆಂಟ್ ಉಳಿದಾಗ ಕಾಂಪೌಂಡರ್ ಮಿಸ್ಡ್ ಕಾಲ್ ಕೊಡುತ್ತಾನೆ, ತಿರುಗಿ ಬಂದು ಟೈ ಕಟ್ಟುವುದು. ಮೊದಲ ದಿನ ಡಾಕ್ಟರು ನನ್ನ ಮಾತ್ರೆಗಿಂತ ನನ್ನನ್ನೇ ಹೆಚ್ಚು ನೋಡಿದರು. "ಏನ್ರೀ ಇದು, ಹಿಂಗ್ ಬೆವರ್ತಾ ಇದೀರಿ! ಬಿ.ಪಿ. ನೋಡ್ಲಾ?"

ಬೇಕರಿಯಲ್ಲಿ ನನ್ನ ಪಾಳಿಯೂ ಬಂತು. ನಾನು ಬೇಕರಿಯಣ್ಣನ ದನಿಯಲ್ಲೇ, "ಬನ್ ಈಗ್ ಬಂದಿದ್ದು, ಮುಟ್ಟಿ ನೋಡಿ, ಮುಟ್ಟಿದ್ಮೇಲೆ ಬಿಡಂಗಿಲ್ಲ" ಎನ್ನುತ್ತ ವ್ಯಾಪಾರ ನಡೆಸಿದೆ. ಅಷ್ಟರಲ್ಲಿ ಅಂಗಡಿಗೆ ಅವನ ಹೆಂಡತಿಯ ಫೋನು. "ರೀ, ಬರ್ತಾ ಸಾರಿಗೆ ತರಕಾರಿ ತನ್ನಿ." ಅದೇ ದನಿಯಲ್ಲಿ "ಆಯ್ತು ಕಣೇ" ಅಂದುಬಿಟ್ಟೆ. ಅಣ್ಣನಿಗೆ ಹೇಳುವುದನ್ನು ಮರೆತೆ. ಆ ಮಧ್ಯಾಹ್ನ ಬೇಕರಿಯಣ್ಣ ಮಜ್ಜಿಗೆ ಅನ್ನ ಉಂಡ.

ಓಟ ಸುಧಾರಿಸಿತು, ಸೈಕಲ್ಲೂ ಸುಧಾರಿಸಿತು. ನೀರು ಮಾತ್ರ ಹಾಗೇ ಉಳಿಯಿತು. ಹೊಸನಗರದ ಹತ್ತಿರದ ಹಿನ್ನೀರಲ್ಲಿ ದಡದ ಬದಿಗೇ ಈಜುತ್ತಿದ್ದೆ, ಕಾಲಿಗೆ ನೆಲ ಸಿಗದ ಕಡೆ ಹೋಗುತ್ತಿರಲಿಲ್ಲ. ಸ್ಪರ್ಧೆಗೆ ಹೆಸರು ಕೊಡುವ ಕೊನೆಯ ದಿನ ಒಂದು ಭಾನುವಾರವೇ ಬಂತು. ಮೇಡಂ ನೇರವಾಗಿ ಹೇಳಿದರು: "ಇವತ್ತು ಹಿನ್ನೀರಲ್ಲಿ ಈ ದಡದಿಂದ ಆ ದಡಕ್ಕೆ ಹೋಗು. ದೋಣಿ ಜೊತೆಗೇ ಬರುತ್ತೆ. ಅದನ್ನ ಮುಟ್ಟಿದ್ಯಾ, ಈ ವರ್ಷ ಹೆಸ್ರು ಕೊಡೋದು ಬೇಡ."

ದೋಣಿಗೆ ಹುಟ್ಟು ಹಾಕಲು ಬೇಕರಿಯಣ್ಣನೇ ಆಗಬೇಕಿತ್ತು. ಚಿಕ್ಕಂದಿನಿಂದ ಅಲ್ಲಿ ಮೀನು ಹಿಡಿದವನು, ನೀರಿನಡಿ ಮುಳುಗಿದ ಮರದ ಬೊಡ್ಡೆಗಳು ಎಲ್ಲೆಲ್ಲಿವೆ ಎಂದು ಅವನಿಗೆ ಗೊತ್ತು. ಹಾಗಾಗಿ ಅವನ ಅಂಗಡಿಯಲ್ಲಿ ಕೂರಲು ಮೇಡಂ ಹೋದರು.

ಅರ್ಧದವರೆಗೆ ಚೆನ್ನಾಗಿಯೇ ಹೋದೆ. ಆಮೇಲೆ ಒಂದು ಸಣ್ಣ ಅಲೆ ಬಾಯಿಗೆ ಬಡಿಯಿತು. ಕೆಮ್ಮಿದೆ. ಕಾಲು ಕೆಳಗಿಳಿಸಿದೆ, ಕೆಳಗೆ ಏನೂ ಇರಲಿಲ್ಲ. ಎದೆ ಮತ್ತೆ ಹಿಡಿದುಕೊಂಡಿತು. ದೋಣಿ ಒಂದು ಮಾರು ದೂರದಲ್ಲಿತ್ತು. ಕೈ ತಾನಾಗಿ ಅದರತ್ತ ಹೋಯಿತು.

"ಅಣ್ಣಾ!"

"ಇಲ್ಲೇ ಇದೀನಿ. ಬೇಕಾರೆ ಹಿಡ್ಕೊ, ನಾ ಎಂತೂ ಅನ್ನಲ್ಲ. ಒಂದ್ಸಲ ಅಂಗಾತ ಮಲ್ಕಂಡ್ ನೋಡು, ಆಗ್ಲಿಲ್ಲಾಂದ್ರೆ ಹಿಡ್ಕೊ."

"ಆಗಲ್ಲ ಅಣ್ಣಾ..."

"ಎಂತಕ್ಕೆ ಗಡಿಬಿಡಿ? ಅಂಗಡೀಲಿ ಮೇಡಂ ಇದಾರೆ. ಸಂಜೆವರೆಗೆ ಮಲ್ಕಂಡ್ರೂ ನಂಗೆ ಅರ್ಜೆಂಟಿಲ್ಲ."

ಮಲಗಿದೆ. ಕಿವಿ ನೀರೊಳಗೆ ಹೋಯಿತು, ಸದ್ದೆಲ್ಲ ನಿಂತಿತು. ಮೇಲೆ ಬರೀ ಆಕಾಶ. ಹೋದ ವರ್ಷ ನನ್ನ ಸುತ್ತ ಎಲ್ಲರೂ ಅವಸರದಲ್ಲಿದ್ದರು, ನಾನೂ ಅವರನ್ನು ನೋಡಿ ಅವಸರಪಟ್ಟಿದ್ದೆ. ಇಲ್ಲಿ ಒಬ್ಬ ಮನುಷ್ಯ ಅಂಗಡಿ ಬಿಟ್ಟು ಬಂದು ಹುಟ್ಟು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದ. ಎಷ್ಟು ಹೊತ್ತೋ ಗೊತ್ತಿಲ್ಲ, ಉಸಿರು ತಾನಾಗಿ ಹದಕ್ಕೆ ಬಂತು. ಮಗುಚಿಕೊಂಡು ಈಜತೊಡಗಿದೆ. ಮತ್ತೆರಡು ಸಲ ಅಂಗಾತ ಮಲಗಿದೆ, ಎರಡು ಸಲವೂ ಅವನು ಏನೂ ಕೇಳಲಿಲ್ಲ.

ಮೊದಲು ಬೆರಳಿಗೆ ಕೆಸರು ತಾಗಿತು, ಆಮೇಲೆ ಮೊಣಕಾಲಿಗೆ. ಎದ್ದು ನಿಂತೆ. ನನ್ನ ಕಾಲ ಮೇಲೆ, ನಾನೇ. ನಾಲ್ಕು ಹೆಜ್ಜೆ ನಡೆದು ಹುಲ್ಲಿನ ಮೇಲೆ ಕುಸಿದು ಕೂತೆ. ಯಾರ ದನಿಯನ್ನೂ ಮಾಡಬೇಕೆನಿಸಲಿಲ್ಲ.

ಬೇಕರಿಯಣ್ಣ ಮೇಡಂಗೆ ಫೋನು ಹಚ್ಚಿ ನನ್ನ ಕೈಗೆ ಕೊಟ್ಟ. "ಮುಟ್ಲಿಲ್ಲ ತಾನೆ?" ಎಂದರು.

"ಇಲ್ಲ ಮೇಡಂ."

"ಒಳ್ಳೇದಾಯ್ತು ಮಾರಾಯ. ಹಂಗಾರೆ ಬೇಗ ಬನ್ನಿ. ಇಲ್ಲೊಬ್ರಿಗೆ ಕೇಕ್ ಮೇಲೆ ಹೆಸ್ರು ಬರ್ಕೊಡ್ಬೇಕಂತೆ, ನಾ ಬರ್ದಿದ್ ನೋಡಿ ಬರ್ತ್‌ಡೇ ಮಗು ಅಳ್ತಾ ಇದೆ."

ಒದ್ದೆ ಕೈಯಲ್ಲೇ ಫೋನಿನಲ್ಲಿ ಅರ್ಜಿ ತುಂಬಿದೆ. ತಂಡದ ಹೆಸರು ಬರೆಯದೆ ಅದು ಮುಂದಕ್ಕೆ ಹೋಗುತ್ತಿರಲಿಲ್ಲ. ನಮ್ಮ ಗುಂಪಿಗೆ ಹೆಸರಿಡಲು ಯಾರಿಗೂ ನೆನಪಾಗಿರಲಿಲ್ಲ.

"ಹೊಸನಗರ ಅಂತ ಹಾಕಾ" ಎಂದ ಬೇಕರಿಯಣ್ಣ, ದೋಣಿ ಕಟ್ಟುತ್ತ.

ನಾನು ಸಾಗರದವನು. ತಕರಾರಿಲ್ಲದೆ ಹಾಗೇ ಹಾಕಿದೆ.