ಎರಡನೆಯ ಕುರ್ಚಿ

2023ರಲ್ಲಿ ನಾನು ಬೈಲಹೊಂಗಲದಲ್ಲಿದ್ದುಕೊಂಡು ಒಂದು ಸುದ್ದಿವಾಹಿನಿಗೆ ವರದಿ ಮಾಡುತ್ತಿದ್ದೆ. ಸವದತ್ತಿ, ರಾಮದುರ್ಗ ತಾಲ್ಲೂಕುಗಳೂ ನನ್ನ ಪಾಲಿಗಿದ್ದವು. ರಾಮದುರ್ಗದ ಕಡೆ, ಮಲಪ್ರಭೆಯ ದಂಡೆಯ ಒಂದು ಹಳ್ಳಿಯನ್ನು ನೆರೆಯ ಕಾಟಕ್ಕೆ ಎತ್ತರದ ಜಾಗಕ್ಕೆ ಸ್ಥಳಾಂತರಿಸುವ ಮಾತು ನಡೆದಿತ್ತು. ಊರವರು ಒಪ್ಪಿದರೆ ಮಾತ್ರ ಕೆಲಸ. ಬಳೆ ಮಾರುವ ಇಮಾಂಬಿ ಮನೆಮನೆಗೆ ಹೋಗಿ ಜನರನ್ನು ಒಪ್ಪಿಸುತ್ತಿದ್ದರು. ಅವರ ಮನೆಯ ಹಿಂದಿನ ಗೋಡೆ ನೆರೆಗೆ ಆಗಲೇ ಎರಡು ಸಲ ಬಿದ್ದಿತ್ತು.

ಆಗ ನಮ್ಮ ಡೆಸ್ಕ್, ಅಂದರೆ ಬೆಂಗಳೂರಲ್ಲಿ ಕೂತು ಸುದ್ದಿ ಆಯುವವರು, ಹವಾಮಾನ ಬದಲಾವಣೆಯ ಬಗ್ಗೆ ಚರ್ಚೆ ಇಟ್ಟರು. ಹೌದೆನ್ನಲು ಒಬ್ಬ ವಿಜ್ಞಾನಿ ಸಿಕ್ಕಿದ್ದರು. ಅಲ್ಲವೆನ್ನಲೂ ಒಬ್ಬರು ಬೇಕು. ಎರಡು ಕುರ್ಚಿ ಇಲ್ಲದೆ ನಮ್ಮಲ್ಲಿ ಚರ್ಚೆಯೇ ಇಲ್ಲ. ಇದರಲ್ಲಿ ಎರಡನೆಯ ಕಡೆ ಎಲ್ಲಿದೆ ಎಂದು ನಾನು ಕೇಳಿದ್ದಕ್ಕೆ ‘ಬ್ಯಾಲೆನ್ಸ್’ ಎಂಬ ಒಂದೇ ಉತ್ತರ ಬಂತು. ಅವರು ಆರಿಸಿದ್ದು ನಮ್ಮೂರಿನ ಭೂಗೋಳದ ಪ್ರೊಫೆಸರರನ್ನು.

ಕರೆಯಲು ಬೆಳಿಗ್ಗೆ ಕಾಲೇಜಿಗೆ ಹೋದಾಗ ಅವರು ಪಾಠ ಮಾಡುತ್ತಿದ್ದರು. ಭೂಮಿ ಬಿಸಿಯಾಗುತ್ತಿದೆ, ಮಳೆಯ ಲಯ ತಪ್ಪುತ್ತಿದೆ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ಚೆನ್ನಾಗಿಯೇ ಹೇಳಿದರು. ಸಂಜೆ ನನ್ನ ಕ್ಯಾಮೆರಾ ಮುಂದೆ ಕೂತು, ಇದೆಲ್ಲ ವಿದೇಶಿಯರು ಹಬ್ಬಿಸಿದ ಭಯ, ನೆರೆ ತಲೆಮಾರಿಗೊಮ್ಮೆ ಬರುವುದೇ ಎಂದರು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಬೆಳಿಗ್ಗೆ ಬೇರೆ ಹೇಳಿದಿರಲ್ಲ ಎಂದೆ.

“ಅದು ಸಿಲೆಬಸ್‌ರಿ, ಇದು ಟಿವಿ,” ಎಂದು ನಕ್ಕರು.

ಆ ತುಣುಕು ಹಳ್ಳಿಯ ಮೊಬೈಲುಗಳಲ್ಲೆಲ್ಲ ಓಡಾಡಿತು. ದಂಡೆಯ ಹೊಲ ಬಿಟ್ಟು ದೂರ ಹೋಗಲು ಮೊದಲೇ ಮನಸ್ಸಿಲ್ಲದವರಿಗೆ ಅಷ್ಟೇ ಸಾಕಾಗಿತ್ತು. ಪ್ರೊಫೆಸರೇ ಹೇಳಿದ್ದಾರೆಂದು, ಒಪ್ಪಿಗೆ ಕೇಳಲು ಕರೆದ ಊರ ಸಭೆಯಲ್ಲಿ ಯಾರೂ ಕೈ ಎತ್ತಲಿಲ್ಲ. ಸ್ಥಳಾಂತರ ನಿಂತುಹೋಯಿತು.

ಮರುವರ್ಷ ನೀರು ಮತ್ತೆ ನುಗ್ಗಿ ಇಮಾಂಬಿಯವರ ಮನೆ ಪೂರ್ತಿ ಕುಸಿಯಿತು. ಶಾಲೆಯ ಕಟ್ಟೆಯ ಮೇಲೆ ಬಳೆಪೆಟ್ಟಿಗೆ ಒಣಗಿಸುತ್ತ ಕೂತಿದ್ದ ಅವರು ನನ್ನನ್ನು ಕೇಳಿದ್ದು ಒಂದೇ ಮಾತು.

“ಆ ಸರ್ ಮನಿ ಯಾವ ಹೊಳಿ ದಂಡಿ ಮ್ಯಾಗ ಐತ್ರಿ?”

ಅಷ್ಟರಲ್ಲಿ ಡೆಸ್ಕಿನಿಂದ ಫೋನು ಬಂತು: ನೆರೆಯ ಬಗ್ಗೆ ಪ್ರೊಫೆಸರರ ಬೈಟ್, ಅಂದರೆ ಕ್ಯಾಮೆರಾ ಮುಂದೆ ನಾಲ್ಕು ಮಾತು, ಬೇಕಂತೆ. ಹೋದೆ. ಅವರು ತಲೆ ಬಾಚಿಕೊಂಡು ಬಂದು ಕೂತರು.

“ಈ ಸಲ ಹೌದು ಅನ್ನಬೇಕೋ, ಅಲ್ಲ ಅನ್ನಬೇಕೋ, ಹೇಳ್ರಿ.”

ಹೇಸಿಗೆಯಿಂದ ಕ್ಯಾಮೆರಾ ಚೀಲಕ್ಕೆ ಹಾಕಿಕೊಂಡು ಎದ್ದುಬಂದೆ. ಎರಡೂ ಕಡೆಯ ಮಾತು ಕೇಳಬೇಕೆಂದು ಹಿರಿಯರು ನನಗೆ ಕಲಿಸಿದ್ದರು. ಎರಡನೆಯ ಕುರ್ಚಿಯಲ್ಲಿ ಯಾರನ್ನಾದರೂ ಕೂರಿಸುವ ಮುನ್ನ, ಅವರ ಮಾತಿಗೆ ಯಾರ ಮನೆ ಬೀಳುತ್ತದೆ ಎಂದು ನೋಡಬೇಕೆಂಬುದನ್ನು ಮಾತ್ರ ಇಮಾಂಬಿಯೇ ಕಲಿಸಬೇಕಾಯಿತು.