ಶೀನಣ್ಣ ಮುಚ್ಚಿದ ಕಿಟಕಿ

ಮಲ್ಪೆಯ ಬಲೆ ಶೆಡ್ಡಿನಲ್ಲಿ ನಾನು ಕಣ್ಣುಬಿಟ್ಟಾಗ, ಬಲೆ ದುರಸ್ತಿಯ ಶೀನಣ್ಣ ನನ್ನ ಬಲೆಗೆ ಹಾಕಿದ ಕೊನೆಯ ಗಂಟನ್ನು ಹಲ್ಲಿನಲ್ಲಿ ಕಚ್ಚಿ ಬಿಗಿಯುತ್ತಿದ್ದರು. “ಸುಸ್ತಾಗಿ ಮಲಗಿದ್ದಿರಿ ಮಾರಾಯ್ರೆ, ಎಬ್ಬಿಸಲಿಲ್ಲ. ಬಲೆಯಲ್ಲಿ ದೊಡ್ಡ ದೊಡ್ಡ ತೂತು ಇತ್ತು, ಎಲ್ಲ ಮುಚ್ಚಿದ್ದೇನೆ” ಎಂದರು.

ಅದು ತೂತಲ್ಲ. ಮರಿಮೀನು ತಪ್ಪಿಸಿಕೊಂಡು ಹೋಗಲೆಂದು ಬಲೆಯ ತುದಿಯಲ್ಲಿ ನಾನೇ ಅಗಲ ಕಣ್ಣುಗಳನ್ನಿಟ್ಟು ಹೆಣೆದಿದ್ದ ಕಿಟಕಿ. ಎಂಬತ್ತರ ದಶಕದಲ್ಲಿ ಮೀನುಗಾರಿಕೆಯ ಸ್ನಾತಕೋತ್ತರ ಪದವಿಗಾಗಿ ನಾನು ಮಾಡುತ್ತಿದ್ದ ಪ್ರಯೋಗವೆಲ್ಲ ಅದರಲ್ಲೇ ಇತ್ತು. ಮರುದಿನ ಬೆಳಿಗ್ಗೆ ಬೋಟು ಆ ಬಲೆಯನ್ನು ಕಡಲಿಗೆ ಒಯ್ಯುವುದಿತ್ತು. ವಾರಗಟ್ಟಲೆ ನಿದ್ದೆಗೆಟ್ಟಿದ್ದ ನನಗೆ ಸಿಟ್ಟು ಮಾಡಲೂ ತ್ರಾಣವಿರಲಿಲ್ಲ. ಮರಿಮೀನು ಹೊರಗೆ ಹೋಗಬೇಕು ಎಂದಷ್ಟೇ ಹೇಳಿದೆ.

ಶೀನಣ್ಣ ನನ್ನ ಮುಖವನ್ನೇ ನೋಡಿದರು. “ಹೋಗಲಿಕ್ಕೆ ಬಿಡುವುದಾದರೆ ಬಲೆ ಎಂತಕ್ಕೆ? ನಿಮಗೆ ಇನ್ನೂ ನಿದ್ದೆ ಬಿಟ್ಟಿಲ್ಲ, ಮಲಗಿ” ಎಂದು ಹೆಗಲ ಬೈರಾಸನ್ನು ಮಡಚಿ ನನ್ನ ತಲೆಯಡಿಗೆ ಇಟ್ಟರು.

ಅವರು ಮನೆಗೆ ಹೋಗುವವರೆಗೆ ಕಾದು, ಕತ್ತರಿ ಹಿಡಿದು ಕೂತೆ. ಪದವಿಯೇನೋ ಸಿಕ್ಕಿತು. ಆ ಕಿಟಕಿಯಿಂದ ಎಷ್ಟು ಮರಿಮೀನು ಪಾರಾದವೆಂಬುದು ಈಗ ಮರೆತುಹೋಗಿದೆ. ಶೀನಣ್ಣನ ಗಂಟುಗಳ ಬಿಗಿ ಮಾತ್ರ ನನ್ನ ಬೆರಳುಗಳಿಗೆ ಇನ್ನೂ ನೆನಪಿದೆ.