ಲೋಡ್ ಹಾಕಿ ನೋಡಿ

ಬಟ್ಟೆ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಕತ್ತರಿಯಕ್ಕ ಅಂತಲೇ ಕರೆಯುತ್ತಿದ್ದರು. ಹದಿನೆಂಟು ವರ್ಷ ನಿಂತುಕೊಂಡೇ ಬಟ್ಟೆ ಕತ್ತರಿಸಿದವಳು. ಕಾಲಿನ ನರಗಳು ಹಗ್ಗದ ಹಾಗೆ ಗಂಟುಗಂಟಾಗಿ ಉಬ್ಬಿದ ಮೇಲೆ, ಜೊತೆಯ ಹೆಂಗಸರನ್ನು ಕಟ್ಟಿಕೊಂಡು ಮೂರು ದಿನ ಗೇಟಿನ ಮುಂದೆ ಗಲಾಟೆ ಮಾಡಿ ಮಾರ್ಕರ್ ರೂಮಿನ ಕುರ್ಚಿ ಗಿಟ್ಟಿಸಿದ್ದಳು. ಯಾರೂ ಅಯ್ಯೋ ಪಾಪ ಅಂತ ಕೊಟ್ಟದ್ದಲ್ಲ ಅದು.

ಮಾರ್ಕರ್ ಅಂದರೆ ಕತ್ತರಿಸುವ ಮುಂಚಿನ ನಕ್ಷೆ. ತೋಳು, ಕಾಲರು, ಬೆನ್ನು ಎಲ್ಲವನ್ನೂ ಬಟ್ಟೆಯ ಮೇಲೆ ಒತ್ತೊತ್ತಾಗಿ ಕೂರಿಸಬೇಕು. ಬೆರಳಗಲ ಜಾಗ ಬಿಟ್ಟರೂ ಅಷ್ಟು ಬಟ್ಟೆ ಚಿಂದಿಗೆ. ಮೊದಲು ಸೀಮೆಸುಣ್ಣ ಹಿಡಿದು ಮಾಡುತ್ತಿದ್ದ ಕೆಲಸವನ್ನು ಈಗ ಕಂಪ್ಯೂಟರ್ ಮಾಡುತ್ತದೆ. ಅವಳು ತುಂಡುಗಳನ್ನು ಅದಕ್ಕೆ ಕೊಟ್ಟು ಬಟನ್ ಒತ್ತಿದರೆ, ಸಾವಿರ ತರ ಜೋಡಿಸಿ, ಕೆಡವಿ, ಅರ್ಧ ಗಂಟೆ ದುಡಿದು ನಕ್ಷೆ ಕೊಡುತ್ತದೆ. ನಲವತ್ತಾರರ ವಯಸ್ಸಿನಲ್ಲಿ ಮೌಸ್ ಹಿಡಿಯಲು ಕಲಿತವಳು ಅವಳು. ಮೊದಲ ವಾರ ಬಾಣ ಪರದೆಯ ಅಂಚಿಗೆ ಓಡಿಹೋಗಿ ಅಡಗಿಕೊಂಡರೆ ಬೈದು ಕರೆಯುತ್ತಿದ್ದಳು.

ಈಗ ಮೂರು ತಿಂಗಳಿಂದ ಆ ಕಂಪ್ಯೂಟರ್‌ಗೆ ರೋಗ. ಸಣ್ಣ ಆರ್ಡರ್ ಕೊಟ್ಟರೆ ಸರಿ. ಇನ್ನೂರು ತುಂಡಿನ ದೊಡ್ಡ ಆರ್ಡರ್ ಕೊಟ್ಟರೆ ಒಂಬತ್ತು ಹತ್ತು ನಿಮಿಷಕ್ಕೆ ಟಪ್. ಎಚ್ಚರಿಕೆಯಿಲ್ಲ, ಏನಿಲ್ಲ, ಯಾರೋ ಪ್ಲಗ್ ಕಿತ್ತ ಹಾಗೆ. ಸರ್ವಿಸ್‌ನವನು ಮೂರು ಸಲ ಬಂದ. ಪ್ರತಿ ಸಲವೂ ಆನ್ ಮಾಡುವುದು, ಖಾಲಿ ಪುಟ ತೆರೆದು ನಾಲ್ಕಕ್ಷರ ಕುಟ್ಟುವುದು, "ಚೆನ್ನಾಗೇ ಇದೆಯಲ್ಲಮ್ಮ" ಅಂತ ಬ್ಯಾಗು ಏರಿಸುವುದು. ಮೂರನೇ ಸಲ ಕಾಗದವನ್ನೂ ಬರೆದಿಟ್ಟು ಹೋದ: ಯಂತ್ರ ಸರಿಯಿದೆ, ಕೂತವರ ತಪ್ಪು ಬಳಕೆ.

ಮ್ಯಾನೇಜರ್ ಆ ಕಾಗದವನ್ನು ಅವಳ ಮುಂದೆ ತಳ್ಳಿದರು. "ಓದಿದೆ ಅಂತ ಒಂದು ಸೈನ್ ಹಾಕಿ."

"ಹಾಕಿದ್ರೆ?"

"ಇಸ್ತ್ರಿ ವಿಭಾಗಕ್ಕೆ ಹೋಗ್ತೀರ. ಅಲ್ಲಿ ಕಂಪ್ಯೂಟರ್ ಕಾಟ ಇಲ್ಲ."

"ಕುರ್ಚಿನೂ ಇಲ್ಲ. ಸರ್, ಖಾಲಿ ಗಾಡಿ ಕಟ್ಟಿ ಎತ್ತು ಗಟ್ಟಿ ಇದೆ ಅಂದ್ರೆ ಒಪ್ಕೋತೀರಾ? ಲೋಡ್ ಹಾಕಿ ನೋಡೋಕೆ ಹೇಳಿ ಅವನಿಗೆ."

"ನಾಳೆ ಮಧ್ಯಾಹ್ನ ಅವನನ್ನ ಕರೆಸ್ತೀನಿ. ತಪ್ಪು ನಿಮ್ಮದಲ್ಲ ಅಂತ ತೋರಿಸಿ. ಆಗಲಿಲ್ಲ ಅಂದ್ರೆ ಸೈನ್."

ಸಂಜೆ ಮನೆಯಲ್ಲಿ ಗಂಡ, "ಸೈನ್ ಹಾಕಿ ಬಿಸಾಕೆ, ಯಾಕೆ ತಲೆನೋವು" ಅಂದ. ಬಸ್ ಡ್ರೈವರ್ ಅವನು. ಸೊಸೆಯ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದ ಅತ್ತೆ ತಲೆ ಎತ್ತಿದರು. "ಅವನ ಮಾತು ಕೇಳ್ಬೇಡ ಕಣೆ. ಜೀವಮಾನ ಎಲ್ಲಾ ಕೂತೇ ದುಡಿದವನಿಗೆ ನಿಲ್ಲೋದರ ರುಚಿ ಏನು ಗೊತ್ತು?"

ಅವಳು ಹೇಳಿ ಕಳಿಸಿದ್ದಕ್ಕೆ ಮರುದಿನ ಶಿಫ್ಟಿಗೆ ಒಂದು ಗಂಟೆ ಮುಂಚೆಯೇ ಕಾರ್ಖಾನೆಯ ಎಲೆಕ್ಟ್ರಿಷಿಯನ್ ಸ್ಕ್ರೂಡ್ರೈವರ್ ಹಿಡಿದು ಬಂದ. ಫ್ಯೂಸಣ್ಣ ಅಂತ ಅವನಿಗೆ ಹೆಸರು ಬಿದ್ದುಹೋಗಿತ್ತು. "ಅಕ್ಕ, ಗುಮಾನಿ ಎಲ್ಲರ ಮೇಲೂ ಇರಲಿ. ಆದ್ರೆ ಒಂದು ಸಲಕ್ಕೆ ಒಬ್ಬನನ್ನೇ ಹಿಡೀಬೇಕು. ಎರಡು ಒಟ್ಟಿಗೆ ಬದಲಾಯಿಸಿದ್ರೆ ಕಳ್ಳ ಯಾರು ಅಂತ ಗೊತ್ತಾಗಲ್ಲ."

ಮೊದಲು ಬಿಸಿಯನ್ನು ಹಿಡಿದರು. ಒಳಗೆ ಹತ್ತಿಯ ಧೂಳು ಹಾಸಿಗೆ ತುಂಬುವಷ್ಟಿತ್ತು. ಊದಿ ತೆಗೆದು, ಪಕ್ಕದ ಮುಚ್ಚಳ ಬಿಚ್ಚಿ, ಟೇಬಲ್ ಫ್ಯಾನ್ ತಿರುಗಿಸಿ ಇನ್ನೂರು ತುಂಡು ಕೊಟ್ಟರು. ಒಳಗೆ ತಣ್ಣಗೇ ಇತ್ತು, ಆದರೂ ಟಪ್. ಎರಡು ಮೆಮೊರಿ ಪಟ್ಟಿಗಳಲ್ಲಿ ಒಂದನ್ನು ಕಿತ್ತು ನೋಡಿದರು, ಅದನ್ನು ಹಾಕಿ ಇನ್ನೊಂದನ್ನು ಕಿತ್ತರು. ಟಪ್, ಟಪ್. ಎಕ್ಸ್‌ಟೆನ್ಷನ್ ಬಿಟ್ಟು ಗೋಡೆಯ ಪ್ಲಗ್ಗಿಗೇ ಕೊಟ್ಟರು. ಟಪ್.

"ಉಳಿದದ್ದರಲ್ಲಿ ಇದರ ಮೇಲೆ ನನಗೆ ಅನುಮಾನ" ಅಂತ ಫ್ಯೂಸಣ್ಣ ಹಿಂಬದಿಯ ಪವರ್ ಸಪ್ಲೈ ಡಬ್ಬಿ ಬಿಚ್ಚಿ ಅವಳ ಕೈಗಿತ್ತ. ಕರೆಂಟನ್ನು ಪಳಗಿಸಿ ಎಲ್ಲ ಭಾಗಕ್ಕೂ ಹಂಚುವ ಡಬ್ಬಿ ಅದು. ಕತ್ತರಿಯಕ್ಕ ಅಂಗೈ ಮೇಲೆ ಎರಡು ಸಲ ತೂಗಿದಳು. ಥಾನು ಎತ್ತಿ ನೋಡಿಯೇ ಬಟ್ಟೆ ಎಷ್ಟು ದಪ್ಪ ಅಂತ ಹೇಳುತ್ತಿದ್ದ ಕೈ ಅದು.

"ಇದು ಹಗುರ ಕಣಣ್ಣ. ಹೊಟ್ಟೆಯಲ್ಲಿ ಏನೂ ಇಲ್ಲ."

"ಐನೂರು ವ್ಯಾಟ್ ಅಂತ ಬರೆದಿದೆಯಲ್ಲ ಅಕ್ಕ?"

"ಬರೆಯೋರು ಏನು ಬೇಕಾದ್ರೂ ಬರೀತಾರೆ. ನನ್ನ ಮೇಲೂ ಬರೆದಿಲ್ವಾ?"

ಆಗ ಅವಳಿಗೆ ಇನ್ನೊಂದು ಹೊಳೆಯಿತು. ಮೂರು ತಿಂಗಳ ಹಿಂದೆ, ಹಳೇ ಡಬ್ಬಿ ಸದ್ದು ಮಾಡುತ್ತದೆ ಅಂತ ಇದನ್ನು ಹಾಕಿಹೋದವನು ಆ ಸರ್ವಿಸ್‌ನವನೇ.

ಮಧ್ಯಾಹ್ನ ಮ್ಯಾನೇಜರ್, ಸರ್ವಿಸ್‌ನವನು ಇಬ್ಬರೂ ಬಂದು ನಿಂತರು. ಅವಳು ನೇರವಾಗಿ ಕೇಳಿದಳು: "ಸರ್, ನಿಮ್ಮ ಕ್ಯಾಬಿನ್ ಕಂಪ್ಯೂಟರ್‌ನ ಪವರ್ ಡಬ್ಬಿ ಕೊಡಿ."

"ನನ್ನ ಕೆಲಸ ನಿಂತು ಹೋಗುತ್ತೆ ಕಣಮ್ಮ!"

"ನಿಲ್ಲಲ್ಲ. ನನ್ನದನ್ನ ನಿಮಗೆ ಹಾಕಿ ಕೊಡ್ತೀವಿ."

ಫ್ಯೂಸಣ್ಣ ಅದಲು ಬದಲು ಮಾಡಿದ. ಇನ್ನೂರು ತುಂಡು ಕೊಟ್ಟಳು. ಹತ್ತು ನಿಮಿಷ ದಾಟಿತು, ಕೆಲಸ ಇದೆ ಅಂತ ಮ್ಯಾನೇಜರ್ ಕ್ಯಾಬಿನ್ನಿಗೆ ಹೋಗಿ ಕೂತು ಬಂದರು, ಇಪ್ಪತ್ತು ದಾಟಿತು, ಮೂವತ್ತೆರಡನೇ ನಿಮಿಷಕ್ಕೆ ನಕ್ಷೆ ಪೂರ್ತಿ ಬಂತು.

ಸರ್ವಿಸ್‌ನವನು ಸುಮ್ಮನಾಗಲಿಲ್ಲ. "ಸರ್, ಇವರ ಡಬ್ಬಿನೂ ನಿಮ್ಮದರಲ್ಲಿ ಇಷ್ಟು ಹೊತ್ತು ಓಡ್ತಾ ಇದೆ. ಡಬ್ಬಿ ಕೆಟ್ಟಿದ್ರೆ ಹೇಗೆ ಓಡುತ್ತೆ?"

"ಅಲ್ಲಿ ಓಡ್ತಿರೋದು ಏನಪ್ಪಾ?" ಅಂದಳು.

ಎಲ್ಲರೂ ಗಾಜಿನ ಆಚೆಗಿನ ಕ್ಯಾಬಿನ್ ಕಡೆ ನೋಡಿದರು. ಪರದೆಯ ಮೇಲೆ ಅರ್ಧ ಆಡಿ ಬಿಟ್ಟ ಇಸ್ಪೀಟಾಟ. ಫ್ಯೂಸಣ್ಣನಿಗೆ ನಗು ಹೋಗಿ ಕೆಮ್ಮು ಹತ್ತಿಕೊಂಡಿತು.

"ಇಸ್ಪೀಟಿಗೆ ಈ ಡಬ್ಬಿ ಧಾರಾಳ ಸಾಕು. ದುಡಿಯೋ ಕಡೆ ಹಾಕಿದ್ರೆ ಬಂಡವಾಳ ಬಯಲಾಗುತ್ತೆ. ಅಣ್ಣ, ಅದನ್ನೇ ತಂದು ತಿರುಗಾ ನನ್ನದಕ್ಕೆ ಹಾಕು. ಇವರೆಲ್ಲ ನಿಂತು ನೋಡಲಿ."

ಹಾಕಿದರು. ನಿಂತರು. ಒಂಬತ್ತನೇ ನಿಮಿಷಕ್ಕೆ ಟಪ್.

ಮ್ಯಾನೇಜರ್ ಕಾಗದವನ್ನು ಮಡಿಸಿ ಜೇಬಿಗಿಳಿಸಲು ನೋಡಿದರು. "ಸರಿ ಬಿಡಿ, ಮುಗೀತಲ್ಲ. ಹರಿದು ಹಾಕ್ತೀನಿ."

"ಹರಿಯೋದು ಬೇಡ. ನನ್ನ ಮೇಲೆ ಬರೆದ ಕೈಯಲ್ಲೇ ಅದನ್ನ ಹೊಡೆದು ಹಾಕಿಸಿ, ಕೆಳಗೆ ಇದ್ದದ್ದು ಬರೆಸಿ. ಇವತ್ತು ಹರಿದ್ರೆ ನಾಳೆ ಇನ್ನೊಂದು ಬರೀತೀರ."

ಸರ್ವಿಸ್‌ನವನು ಮ್ಯಾನೇಜರ ಮುಖ ನೋಡಿದ, ಮ್ಯಾನೇಜರ್ ಕಿಟಕಿ ನೋಡಿದರು. ಕೊನೆಗೆ ಸರ್ವಿಸ್‌ನವನು ಪೆನ್ನು ತೆಗೆದು, ಮೊದಲಿನದನ್ನು ಹೊಡೆದು ಹಾಕಿ, ಕೆಳಗೆ ಗೀಚಿದ: ಪವರ್ ಸಪ್ಲೈ ದೋಷ.

ಅವಳು ಓದಿ ವಾಪಸು ಕೊಟ್ಟಳು. "ಅದು ಆಕಾಶದಿಂದ ಬಿತ್ತಾ? ಹಾಕಿದ್ದು ಯಾರು ಅಂತಾನೂ ಬರಿ."

'ನಾವು ಹಾಕಿದ' ಅಂತ ಮೇಲೆ ಸೇರಿಸಿ, ರುಜು ಮಾಡಿದ. ಅವಳು ಕಾಗದವನ್ನು ತನ್ನ ಚೀಲಕ್ಕೆ ಹಾಕಿಕೊಂಡಳು. ಫ್ಯೂಸಣ್ಣ ಕ್ಯಾಬಿನ್ನಿನ ಡಬ್ಬಿಯನ್ನು ಮತ್ತೆ ಅವಳ ಕಂಪ್ಯೂಟರ್‌ಗೆ ಕೂರಿಸಿ ನಾಲ್ಕೂ ಸ್ಕ್ರೂ ಬಿಗಿ ಮಾಡಿದ.

"ನನ್ನ ಡಬ್ಬಿ?" ಅಂದರು ಮ್ಯಾನೇಜರ್, ಬಾಗಿಲಲ್ಲಿ ನಿಂತು.

"ಹೊಸದು ತರಿಸಿದ ದಿನ ತಗೊಂಡು ಹೋಗಿ" ಅಂದಳು. ತಿರುಗಿ ನೋಡಲಿಲ್ಲ. ಮುಂದಿನ ಆರ್ಡರ್ ಇನ್ನೂರ ನಲವತ್ತು ತುಂಡಿನದು. ಬಟನ್ ಒತ್ತಿದಳು.